ಡೀಸೆಲ್ ಬೆರೆತ ನೀರನ್ನು ಪಾಚಿ, ಬ್ಯಾಕ್ಟೀರಿಯಾಗಳಿಂದ ಶುದ್ಧ ಮಾಡುವುದು ಹೇಗೆ: ಹಾಸನದ ಒಂದು ವಾಟರ್ ಸರ್ವೀಸ್‌ನಿಂದ ಪೂರ್ತಿ ಮಾರ್ಗದರ್ಶಿ

ಹಾಸನದ ಹೊರವಲಯದಲ್ಲಿ, ಬಿ.ಎಂ. ರಸ್ತೆಯಿಂದ ಸ್ವಲ್ಪ ಒಳಗೆ, ನಮ್ಮದೊಂದು ವಾಟರ್ ಸರ್ವೀಸ್ ಇದೆ. ಪಕ್ಕದಲ್ಲೇ ಟ್ರ್ಯಾಕ್ಟರ್, ಟಿಲ್ಲರ್ ರಿಪೇರಿಯ ಶೆಡ್. ಶಿರಾಡಿ ಘಾಟಿ ಹತ್ತಿ ಬಂದ ಲಾರಿಗಳು, ಸಕಲೇಶಪುರ ಕಡೆಯ ಎಸ್ಟೇಟ್ ಜೀಪುಗಳು, ಸುತ್ತಲ ಹಳ್ಳಿಯ ಟ್ರ್ಯಾಕ್ಟರ್‌ಗಳು ಇಲ್ಲಿಗೆ ಬರುತ್ತವೆ. ತೊಳೆದ ನೀರು ವರ್ಷಗಟ್ಟಲೆ ಹಿಂದಿನ ಚರಂಡಿಗೆ ಹೋಗುತ್ತಿತ್ತು. ಚರಂಡಿಯಿಂದ ಹಳ್ಳಕ್ಕೆ, ಹಳ್ಳದಿಂದ ಕೆರೆಗೆ.

ಒಂದು ಬೇಸಿಗೆಯಲ್ಲಿ ಕೆಳಗಿನ ಹೊಲದ ಯಜಮಾನರು ಬಂದು ನಿಂತರು. ಜಗಳ ಮಾಡಲಿಲ್ಲ. "ದನ ನೀರು ಮೂಸಿ ನೋಡಿ ವಾಪಸ್ ಬರ್ತಾವೆ ಕಣಪ್ಪ, ಬಾಯೇ ಇಡ್ತಿಲ್ಲ" ಅಂದರು. ಅವರ ಜೊತೆ ಹಳ್ಳದವರೆಗೂ ನಡೆದು ಹೋದೆ. ನಿಂತ ನೀರಿನ ಮೇಲೆ ನೀಲಿ, ನೇರಳೆ ಬಣ್ಣದ ಪೊರೆ. ದಡದ ಹುಲ್ಲಿನ ಬುಡವೆಲ್ಲ ಕಪ್ಪು ಜಿಡ್ಡು. ಅದು ನಮ್ಮ ಶೆಡ್ಡಿನದ್ದೇ ಅನ್ನುವುದರಲ್ಲಿ ಅನುಮಾನ ಇರಲಿಲ್ಲ. ನಮ್ಮ ಜಿಲ್ಲೆಯ ಹಳ್ಳಗಳ ನೀರು ಬಹುಪಾಲು ಹೇಮಾವತಿ ಸೇರುತ್ತದೆ, ಗೊರೂರಿನ ಅಣೆಕಟ್ಟೆಯಲ್ಲಿ ನಿಲ್ಲುತ್ತದೆ. ನಾವು ಕುಡಿಯುವುದೂ ಆ ನೀರನ್ನೇ ಅಲ್ವಾ?

ಆವತ್ತಿನಿಂದ ಓದಿ, ಕೇಳಿ, ಕೆಡಿಸಿ, ಮತ್ತೆ ಮಾಡಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ದಿನಕ್ಕೆ ಸುಮಾರು 2,000 ಲೀಟರ್ ನೀರು ಬಿಡುವ ಒಂದು ಜಾಗಕ್ಕೆ ಲೆಕ್ಕ ಕೊಟ್ಟಿದ್ದೇನೆ. ನಿಮ್ಮ ಅಳತೆಗೆ ತಕ್ಕಂತೆ ಹೆಚ್ಚು ಕಡಿಮೆ ಮಾಡಿಕೊಳ್ಳಿ.

ಮೊದಲು, ಈ ಕೆಲಸ ನಡೆಯುವ ಬಗೆ

ಡೀಸೆಲ್ ಅಂದರೆ ಇಂಗಾಲ ಮತ್ತು ಜಲಜನಕ ಸೇರಿದ ಸರಪಳಿಗಳು. ಮಣ್ಣಿನಲ್ಲಿರುವ ಕೆಲವು ಬ್ಯಾಕ್ಟೀರಿಯಾಗಳಿಗೆ ಅದೇ ಊಟ. ಸ್ಯೂಡೋಮೊನಾಸ್, ರೋಡೋಕಾಕಸ್, ಅಸಿನೆಟೋಬ್ಯಾಕ್ಟರ್ ಈ ಗುಂಪಿನವು. ಇವು ಸರಪಳಿಗೆ ಆಮ್ಲಜನಕ ಸೇರಿಸಿ, ತುಂಡು ತುಂಡಾಗಿ ಕಡಿದು, ಕೊನೆಗೆ ಇಂಗಾಲದ ಡೈಆಕ್ಸೈಡ್ ಮತ್ತು ನೀರು ಮಾಡುತ್ತವೆ. ಒಂದು ಪಾಲನ್ನು ತಮ್ಮ ಮೈ ಬೆಳೆಸಲು ಬಳಸಿಕೊಳ್ಳುತ್ತವೆ.

ಇಲ್ಲಿ ತೊಡಕು ಇರುವುದು ಗಾಳಿಯದ್ದು. ಬ್ಯಾಕ್ಟೀರಿಯಾ 1 ಗ್ರಾಂ ಡೀಸೆಲನ್ನು ಪೂರ್ತಿ ಒಡೆದು ಮುಗಿಸಬೇಕಾದರೆ ಸುಮಾರು 3.5 ಗ್ರಾಂ ಆಮ್ಲಜನಕ ಬೇಕು. ಹಾಸನದ ಎತ್ತರದಲ್ಲಿ, 25 ಡಿಗ್ರಿ ಬಿಸಿಯಲ್ಲಿ, 1 ಲೀಟರ್ ನೀರು ಹಿಡಿದುಕೊಳ್ಳುವ ಆಮ್ಲಜನಕ 7ರಿಂದ 7.5 ಮಿಲಿಗ್ರಾಂ ಅಷ್ಟೇ. ಲೀಟರಿಗೆ 50 ಮಿಲಿಗ್ರಾಂ ಎಣ್ಣೆ ಇದ್ದರೆ ಬೇಕಾಗುವುದು 175 ಮಿಲಿಗ್ರಾಂ. ಅಂದರೆ ನೀರು ತನ್ನಲ್ಲಿ ಇಟ್ಟುಕೊಂಡಿರುವುದರ 20 ಪಟ್ಟಿಗಿಂತ ಜಾಸ್ತಿ. ಅದಕ್ಕೇ ಎಣ್ಣೆ ನೀರನ್ನು ಸುಮ್ನೆ ಗುಂಡಿಯಲ್ಲಿ ನಿಲ್ಲಿಸಿದರೆ ಕಪ್ಪಾಗಿ ಕೊಳೆತು ನಾರುತ್ತದೆ.

ಪಾಚಿ ಬೇಕಾಗುವುದು ಇಲ್ಲಿ. ಬಿಸಿಲಿನಲ್ಲಿ ಪಾಚಿ ಇಂಗಾಲದ ಡೈಆಕ್ಸೈಡ್ ತಗೊಂಡು ಆಮ್ಲಜನಕ ಬಿಡುತ್ತದೆ. ಬ್ಯಾಕ್ಟೀರಿಯಾ ಆ ಆಮ್ಲಜನಕ ತಗೊಂಡು ಪಾಚಿಗೆ ಬೇಕಾದದ್ದನ್ನು ವಾಪಸ್ ಕೊಡುತ್ತದೆ. 1950ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ವಿಲಿಯಂ ಓಸ್ವಾಲ್ಡ್ ಈ ಕೊಡುಕೊಳ್ಳುವಿಕೆಯನ್ನೇ ನಂಬಿ ಊರಿನ ಕೊಳಚೆ ನೀರಿಗೆ ಆಳ ಕಡಿಮೆ ಇರುವ ಪಾಚಿ ಹೊಂಡಗಳನ್ನು ರೂಪಿಸಿದರು. ನಮ್ಮ ಹೊಂಡವೂ ಅದೇ ಜಾಯಮಾನದ್ದು.

ಒಂದು ಮಾತು ಈಗಲೇ ಹೇಳಿಬಿಡುತ್ತೇನೆ. ಜೀವಿಗಳು ಮಾಡುವುದು ಕೊನೆಯ ಕೆಲಸ. ಮಣ್ಣು, ತೇಲುವ ಎಣ್ಣೆ, ಸೋಪು ಇವುಗಳನ್ನು ಮೊದಲೇ ನೀವು ತಡೆಯಬೇಕು. ಅದನ್ನೆಲ್ಲ ಪಾಚಿಯ ತಲೆ ಮೇಲೆ ಹೊರಿಸಿದರೆ ಪಾಚಿ ಸಾಯುತ್ತದೆ. ಮೊದಲ ಸಲ ನಾನು ಮಾಡಿದ ತಪ್ಪು ಇದೇ. ತೇಲುವ ಎಣ್ಣೆ ತಡೆಯುವ ತೊಟ್ಟಿ, ಅಂದರೆ ಎಣ್ಣೆ ಬಲೆ, ಕಟ್ಟದೆ ನೇರ ಹೊಂಡಕ್ಕೆ ಬಿಟ್ಟೆ. 4ನೇ ದಿನಕ್ಕೆ ಹಸಿರು ನೀರು ಕಂದಾಯಿತು, 6ನೇ ದಿನಕ್ಕೆ ಕೊಳೆತ ಮೊಟ್ಟೆ ವಾಸನೆ.

ಹಂತ 1: ಯಾವ ನೀರು ಬರಬೇಕು, ಯಾವುದು ಬರಬಾರದು

ಒಂದು ವಾರ ಮೀಟರ್ ನೋಡಿ ಅಥವಾ ಟ್ಯಾಂಕ್ ಲೆಕ್ಕ ಇಟ್ಟು, ದಿನಕ್ಕೆ ಎಷ್ಟು ನೀರು ಖರ್ಚು ಅಂತ ಬರೆದಿಡಿ. ಅಂದಾಜು ಬೇಡ.

ಆಮೇಲೆ ಬೇರ್ಪಡಿಸಿ. ಇಂಜಿನ್‌ನಿಂದ ಇಳಿಸಿದ ಹಳೇ ಆಯಿಲ್ ಒಂದು ಹನಿಯೂ ಈ ಸಾಲಿಗೆ ಬರಬಾರದು. ಅದರಲ್ಲಿ ಸತು, ಸೀಸದಂಥ ಲೋಹಗಳೂ ಬ್ಯಾಕ್ಟೀರಿಯಾ ಸುಲಭಕ್ಕೆ ಒಡೆಯಲಾರದ ಭಾರದ ಎಣ್ಣೆಯೂ ಇರುತ್ತವೆ. ಲೋಹವನ್ನು ಯಾವ ಬ್ಯಾಕ್ಟೀರಿಯಾವೂ ಇಲ್ಲವಾಗಿಸಲಾರದು. ಬ್ಯಾಟರಿ ಆ್ಯಸಿಡ್, ರೇಡಿಯೇಟರ್ ಕೂಲೆಂಟ್, ಬ್ರೇಕ್ ಆಯಿಲ್, ಪೇಂಟ್ ತಿನ್ನರ್ ಇವೂ ಬೇಡ.

ಪೆಟ್ರೋಲ್ ಬಗ್ಗೆ ಹುಷಾರು. ಅದು ಬೇಗ ಆವಿಯಾಗುತ್ತದೆ, ಬೆಂಕಿ ಹಿಡಿಯುತ್ತದೆ, ಅದರಲ್ಲಿರುವ ಬೆಂಜೀನ್ ಕ್ಯಾನ್ಸರ್ ತರುವಂಥದ್ದು. ಪೆಟ್ರೋಲ್ ಚೆಲ್ಲಿದರೆ ನೀರು ಹಾಕಿ ತೊಳೆಯಬೇಡಿ. ಮರಳು ಹಾಕಿ ಹೀರಿಸಿ ಬೇರೆ ತೆಗೆಯಿರಿ.

ಚಿಕ್ಕಮಗಳೂರು, ಮೂಡಿಗೆರೆ ಕಡೆಯ ತೋಟದವರಿಗೆ ಒಂದು ಸೂಚನೆ. ಜನರೇಟರ್ ಶೆಡ್ಡಿನ ನೀರನ್ನೂ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್‌ನ ನೀರನ್ನೂ ಒಂದೇ ಗುಂಡಿಗೆ ಬಿಡಬೇಡಿ. ಕಾಫಿ ಪಲ್ಪಿನ ನೀರು ಹುಳಿ, ಅದರಲ್ಲಿ ಸಕ್ಕರೆ ಅಂಶ ಜಾಸ್ತಿ. ಬ್ಯಾಕ್ಟೀರಿಯಾಗಳು ಸುಲಭದ ಸಕ್ಕರೆಯನ್ನು ತಿಂದು, ಇದ್ದಬದ್ದ ಆಮ್ಲಜನಕ ಮುಗಿಸಿ, ಡೀಸೆಲನ್ನು ಹಾಗೇ ಬಿಟ್ಟುಬಿಡುತ್ತವೆ.

ಮಳೆ ನೀರನ್ನಂತೂ ಖಂಡಿತ ಬೇರೆ ಮಾಡಿ. ತೊಳೆಯುವ ರ್‍ಯಾಂಪ್ ಮೇಲೆ ಶೀಟ್ ಹೊದಿಸಿ, ಸುತ್ತ ಅರ್ಧ ಅಡಿಯ ಕಟ್ಟೆ ಕಟ್ಟಿಸಿ. ಮಲೆನಾಡಿನ ಸೆರಗಿನಲ್ಲಿ ಇರುವ ನಮಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದೊಂದು ಮಾಡದಿದ್ದರೆ ಉಳಿದದ್ದೆಲ್ಲ ವ್ಯರ್ಥ.

ಹಂತ 2: ಸೋಪು ಕಡಿಮೆ ಮಾಡಿ

ಡೀಸೆಲ್ ನೀರಿಗಿಂತ ಹಗುರ. ತಾನಾಗಿ ಮೇಲೆ ಬರುತ್ತದೆ. ಆದರೆ ಎಷ್ಟು ಬೇಗ ಬರುತ್ತದೆ ಅನ್ನುವುದು ಹನಿಯ ಗಾತ್ರದ ಮೇಲೆ. 150 ಮೈಕ್ರಾನ್ (1 ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು) ಹನಿ 1 ಮೀಟರ್ ಮೇಲೇರಲು ಸುಮಾರು 8 ನಿಮಿಷ ಸಾಕು. ಅದೇ 20 ಮೈಕ್ರಾನ್ ಹನಿಗೆ 7 ಗಂಟೆ ದಾಟುತ್ತದೆ. ಸೋಪು ಮತ್ತು ಜೋರು ಪ್ರೆಷರ್ ಎಣ್ಣೆಯನ್ನು ಪುಡಿಪುಡಿ ಹನಿ ಮಾಡುತ್ತವೆ. ನೀರು ಹಾಲಿನ ಹಾಗೆ ಬೆಳ್ಳಗಾದರೆ ಆ ಎಣ್ಣೆ ಯಾವ ಬಲೆಗೂ ಸಿಕ್ಕುವುದಿಲ್ಲ.

ಅದಕ್ಕೆ ನಮ್ಮ ಹುಡುಗರಿಗೆ ಹೇಳಿರುವುದು ಇಷ್ಟು: ಮೊದಲು ಜಿಡ್ಡಿರುವ ಕಡೆ ಹಳೇ ಬಟ್ಟೆ, ಮರದ ಹೊಟ್ಟಿನಿಂದ ಒರೆಸಿ. ಆಮೇಲೆ ಬರೀ ನೀರು. ಕೊನೆಗೆ ಬೇಕಾದ ಕಡೆ ಮಾತ್ರ ಸೋಪು. ಸೀಮೆಎಣ್ಣೆ, ಡೀಸೆಲ್ ಸ್ಪ್ರೇ ಮಾಡಿ ಚಾಸಿ ತೊಳೆಯುವ ಪದ್ಧತಿಯನ್ನು ಪೂರ್ತಿ ನಿಲ್ಲಿಸಿದ್ದೇವೆ. ಒರೆಸಿದ ಬಟ್ಟೆ, ಹೊಟ್ಟು ಒಂದು ಮುಚ್ಚಿದ ಡ್ರಮ್ಮಿಗೆ ಹೋಗುತ್ತದೆ. ಅದನ್ನು ಸುಡುವುದಿಲ್ಲ.

ಹಂತ 3: ಮಣ್ಣಿನ ಗುಂಡಿ, ಎಣ್ಣೆ ಬಲೆ

ರ್‍ಯಾಂಪ್‌ನಿಂದ ಬಂದ ನೀರು ಮೊದಲು ಒಂದು ಉದ್ದನೆಯ ಗುಂಡಿಗೆ ಬೀಳಲಿ. ಕೆಸರು, ಮರಳು ಇಲ್ಲೇ ಕೂರಲಿ. ಟ್ರ್ಯಾಕ್ಟರ್ ಸೀಸನ್‌ನಲ್ಲಿ ವಾರಕ್ಕೊಮ್ಮೆ ತೆಗೆಯಬೇಕಾಗುತ್ತದೆ. ಬಳಿಯಲು ಸಲೀಸಾಗುವಷ್ಟು ಅಗಲ ಇಡಿಸಿ.

ಆಮೇಲಿನದು ಎಣ್ಣೆ ಬಲೆ. 3 ಅಡಿ ಅಗಲದ ಸಿಮೆಂಟ್ ರಿಂಗ್‌ಗಳಿಂದ ಸಾಲಾಗಿ ಮೂರು ತೊಟ್ಟಿ ಮಾಡಿಸಿ. ಒಂದೊಂದರಲ್ಲೂ 3 ಅಡಿ ನೀರು ನಿಂತರೆ ಮೂರೂ ಸೇರಿ ಸುಮಾರು 1,700 ಲೀಟರ್. ದಿನದ 2,000 ಲೀಟರ್ ನೀರು 5 ಗಂಟೆಯಲ್ಲಿ ಹರಿದು ಬಂದರೆ, ನೀರಿಗೆ ಒಳಗೆ 4 ಗಂಟೆ ಬಿಡುವು ಸಿಗುತ್ತದೆ.

ಇಡೀ ಗುಟ್ಟು ಇರುವುದು ಒಂದು ತೊಟ್ಟಿಯಿಂದ ಇನ್ನೊಂದಕ್ಕೆ ಹೋಗುವ ಪೈಪಿನಲ್ಲಿ. ಇಂಗ್ಲಿಷಿನ T ಆಕಾರದ ಪಿವಿಸಿ ಜೋಡಣೆ, ಅಂದರೆ ಟೀ, ಹಾಕಿ, ಅದರ ಕೆಳಗಿನ ಕಾಲು ನೀರಿನೊಳಗೆ ಒಂದೂವರೆ ಅಡಿ ಇಳಿದಿರಲಿ. ಆಗ ಮೇಲೆ ತೇಲುವ ಎಣ್ಣೆ ಅಲ್ಲೇ ಉಳಿಯುತ್ತದೆ, ನಡುವಿನ ನೀರು ಮಾತ್ರ ಮುಂದಿನ ತೊಟ್ಟಿಗೆ ಹೋಗುತ್ತದೆ. ಟೀಯ ಮೇಲಿನ ಬಾಯಿ ಮುಚ್ಚಬೇಡಿ. ಮುಚ್ಚಿದರೆ ಪೈಪ್ ಸೈಫನ್ ಆಗಿ ಎಳೆದುಬಿಡುತ್ತದೆ. ನಮ್ಮ ಮೇಸ್ತ್ರಿ ಮೊದಲು ಮೇಲೆ ಬಾಯಿ ಇಲ್ಲದ ಎಲ್ಬೋ ಹಾಕಿದ್ದರು. ಒಂದೇ ರಾತ್ರಿಗೆ ತೊಟ್ಟಿ ಅರ್ಧ ಖಾಲಿ, ಎಣ್ಣೆಯೆಲ್ಲ ಮುಂದಕ್ಕೆ.

ಮುಚ್ಚಳ ಇಡಿ, ಆದರೆ ಗಾಳಿ ಆಡಲು ಪೈಪ್ ಬಿಡಿ. ಹತ್ತಿರ ಬೀಡಿ, ಸಿಗರೇಟು, ವೆಲ್ಡಿಂಗ್ ಬೇಡ.

ತೇಲಿದ ಎಣ್ಣೆಯನ್ನು ಎರಡು ದಿನಕ್ಕೊಮ್ಮೆ ಸೌಟಿನಲ್ಲಿ ತೆಗೆದು ಡ್ರಮ್ಮಿಗೆ ಹಾಕಿ. ಮೂರನೇ ತೊಟ್ಟಿಯಲ್ಲಿ ತೆಂಗಿನ ನಾರಿನ ಕಟ್ಟು ತೇಲಿಬಿಟ್ಟರೆ ತೆಳು ಪೊರೆಯನ್ನು ಹೀರಿಕೊಳ್ಳುತ್ತದೆ. ಅರಸೀಕೆರೆ, ಚನ್ನರಾಯಪಟ್ಟಣ ಇರುವ ಜಿಲ್ಲೆಯಲ್ಲಿ ನಾರಿಗೇನು ಬರ? ಡ್ರಮ್ ತುಂಬಿದಾಗ ಪರವಾನಗಿ ಇರುವ ಮರುಬಳಕೆದಾರರಿಗೇ ಕೊಡಿ, ರಸೀದಿ ತಗೊಳ್ಳಿ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಬಳಸಿದ ಆಯಿಲ್, ಎಣ್ಣೆ ಕೆಸರು ಎರಡೂ ಅಪಾಯಕಾರಿ ತ್ಯಾಜ್ಯವೇ.

ಹಂತ 4: ಡೀಸೆಲ್ ತಿನ್ನುವ ಬ್ಯಾಕ್ಟೀರಿಯಾ ಹುಡುಕುವುದು

ನನಗೆ ತುಂಬ ಇಷ್ಟವಾದ ಹಂತ ಇದು. ಸ್ವಲ್ಪ ಜಾಸ್ತಿ ಹೇಳುತ್ತೇನೆ.

ಎಣ್ಣೆ ತಿನ್ನುವ ಬ್ಯಾಕ್ಟೀರಿಯಾ ಅಂದಾಗ ಆನಂದ ಮೋಹನ್ ಚಕ್ರವರ್ತಿ ಅವರ ಹೆಸರು ಬರುತ್ತದೆ. ಭಾರತದಲ್ಲಿ ಹುಟ್ಟಿ ಅಮೆರಿಕದಲ್ಲಿ ಕೆಲಸ ಮಾಡಿದ ವಿಜ್ಞಾನಿ. ಅವರು ಮಾರ್ಪಡಿಸಿದ ಸ್ಯೂಡೋಮೊನಾಸ್‌ಗೆ ಪೇಟೆಂಟ್ ಕೊಡಬಹುದು ಅಂತ 1980ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ನಮ್ಮ ದೇಶದಲ್ಲಿ ಇಂಧನ, ಪರಿಸರದ ಸಂಶೋಧನೆ ಮಾಡುವ ಟೆರಿ ಸಂಸ್ಥೆ ಆಯಿಲ್‌ಜ್ಯಾಪರ್ ಅನ್ನುವ ಬ್ಯಾಕ್ಟೀರಿಯಾ ಮಿಶ್ರಣ ತಯಾರಿಸಿತು. ಎಣ್ಣೆ ಬಾವಿ, ರಿಫೈನರಿಗಳ ಕೆಸರಿಗೆ ಅದನ್ನು ಬಳಸಿದ್ದಾರೆ. ಆದರೆ ನಮ್ಮಂಥ ಸಣ್ಣ ಜಾಗಕ್ಕೆ ಕೊಂಡು ತರಬೇಕಿಲ್ಲ. ವರ್ಷಗಟ್ಟಲೆ ಡೀಸೆಲ್ ತೊಟ್ಟಿಕ್ಕಿದ ಮಣ್ಣಿನಲ್ಲಿ ಅವು ಆಗಲೇ ಮನೆ ಮಾಡಿರುತ್ತವೆ.

ಹಳೇ ಜನರೇಟರ್ ಶೆಡ್ಡಿನ ಅಂಚು, ಡೀಸೆಲ್ ಬ್ಯಾರಲ್ ಇಟ್ಟ ಜಾಗ, ಇಂಥ ಕಡೆ ಮೇಲಿನ ಜಿಡ್ಡು ಸರಿಸಿ, ಎರಡು ಮೂರು ಇಂಚು ಕೆಳಗಿನ ಮಣ್ಣು ಎರಡು ಹಿಡಿ ತಗೊಳ್ಳಿ. ಕೈಗೆ ಗ್ಲೌಸ್ ಇರಲಿ. ಅಕ್ಕಪಕ್ಕ ಹುಲ್ಲು ಬೆಳೆದಿದ್ದರೆ ಇನ್ನೂ ಒಳ್ಳೆಯದು. ಆ ಮಣ್ಣಿಗೆ ಜೀವ ಇದೆ ಅಂತ ಅರ್ಥ.

20 ಲೀಟರ್ ಬಕೆಟ್‌ಗೆ 15 ಲೀಟರ್ ನೀರು ಹಾಕಿ. ನಲ್ಲಿ ನೀರಾದರೆ ಒಂದು ದಿನ ತೆರೆದಿಟ್ಟು ಕ್ಲೋರಿನ್ ಹೋಗಲು ಬಿಡಿ. ಮಣ್ಣು ಹಾಕಿ. ಯೂರಿಯಾ 2 ಗ್ರಾಂ, ಡಿಎಪಿ ಅರ್ಧ ಗ್ರಾಂ. ಡೀಸೆಲ್ 15 ಮಿಲಿ. ಅಕ್ವೇರಿಯಂ ಪಂಪಿನ ಗಾಳಿ ಕಲ್ಲು ಇಳಿಬಿಟ್ಟು ಹಗಲು ರಾತ್ರಿ ಗುಳ್ಳೆ ಬರಿಸಿ. ನೆರಳಿರಲಿ, ಗಾಳಿ ಆಡುವ ಜಾಗ ಆಗಿರಲಿ.

ಪಕ್ಕದಲ್ಲೇ ಇನ್ನೊಂದು ಬಕೆಟ್ ಇಡಿ. ಅದಕ್ಕೂ ಎಲ್ಲವನ್ನೂ ಹಾಕಿ, ಮಣ್ಣು ಮಾತ್ರ ಬೇಡ. ಇದನ್ನು ತಪ್ಪಿಸಬೇಡಿ. ಡೀಸೆಲ್ ಸ್ವಲ್ಪ ಆವಿಯಾಗಿಯೂ ಹೋಗುತ್ತದೆ. ಎರಡನೇ ಬಕೆಟ್ ಇಲ್ಲದಿದ್ದರೆ ಬ್ಯಾಕ್ಟೀರಿಯಾ ತಿಂದದ್ದು ಎಷ್ಟು, ಗಾಳಿಗೆ ಹೋದದ್ದು ಎಷ್ಟು ಗೊತ್ತಾಗುವುದಿಲ್ಲ.

ನಮ್ಮ ಬಕೆಟ್‌ನಲ್ಲಿ ಮೊದಲ ಮೂರು ದಿನ ಏನೂ ಕಾಣಲಿಲ್ಲ. 4ನೇ ಬೆಳಿಗ್ಗೆ ಮೇಲಿನ ಪೊರೆ ಒಂದೇ ಹಾಳೆಯಾಗಿ ಇರಲಿಲ್ಲ, ಹರಿದ ಬಟ್ಟೆಯ ಹಾಗೆ ತುಂಡಾಗಿತ್ತು. 6ನೇ ದಿನ ಬಕೆಟ್ಟಿನ ಗೋಡೆಗೆ, ನೀರಿನ ಗೆರೆಯ ಸುತ್ತ, ಗಂಜಿಯಂಥ ಬೂದು ಲೋಳೆ ಹತ್ತಿತು. ಬೆರಳಲ್ಲಿ ಮುಟ್ಟಿದರೆ ಜಾರುತ್ತಿತ್ತು, ಆದರೆ ಎಣ್ಣೆಯ ಜಾರಿಕೆ ಅಲ್ಲ. 9ನೇ ದಿನಕ್ಕೆ ಡೀಸೆಲ್ ವಾಸನೆ ಹೋಗಿ ಮಳೆ ಬಿದ್ದ ಮಣ್ಣಿನ ವಾಸನೆ ಬಂತು. ಪಕ್ಕದ ಬಕೆಟ್‌ನಲ್ಲಿ ಪೊರೆ ಹಾಗೇ ಮಿಂಚುತ್ತಿತ್ತು. ನಮ್ಮ ಅಮ್ಮನೂ ಬಂದು ಎರಡೂ ಮೂಸಿ ನೋಡಿ, "ಇದು ಬದುಕಿದೆ ಕಣೋ" ಅಂದರು.

ಇಲ್ಲಿಗೆ ಮುಗಿಯಲಿಲ್ಲ. ಇದರಿಂದ ಒಂದೂವರೆ ಲೀಟರ್ ನೀರು ತೆಗೆದು ಹೊಸ ಬಕೆಟ್‌ಗೆ ಹಾಕಿ. ಅಷ್ಟೇ ಯೂರಿಯಾ, ಡಿಎಪಿ, ಡೀಸೆಲ್ ಹಾಕಿ. ಮಣ್ಣು ಬೇಡ. ಹೀಗೆ ಮೂರು ಸಲ ದಾಟಿಸಿ. ಪ್ರತಿ ಸಲವೂ ಡೀಸೆಲ್ ತಿನ್ನಲಾರದವು ಹಿಂದೆ ಬೀಳುತ್ತವೆ, ತಿನ್ನುವವು ಹೆಚ್ಚುತ್ತವೆ. ಮೂರನೇ ಸಲ ಪೊರೆ ಒಡೆಯಲು ಮೊದಲಿಗಿಂತ ಕಡಿಮೆ ದಿನ ಹಿಡಿದರೆ ಬಿತ್ತನೆ ಸಿದ್ಧ.

ಸಗಣಿ ನೀರು, ಜೀವಾಮೃತ ಹಾಕಬಹುದಾ ಅಂತ ತುಂಬ ಜನ ಕೇಳುತ್ತಾರೆ. ಬೇಡ ಅನ್ನುವುದು ನನ್ನ ಅಭಿಪ್ರಾಯ. ಅವುಗಳಲ್ಲಿ ಜೀವಿಗಳು ಲೆಕ್ಕವಿಲ್ಲದಷ್ಟು ಇವೆ ನಿಜ. ಆದರೆ ಬೆಲ್ಲ, ಸಗಣಿ ತಿಂದು ಬೆಳೆದವಕ್ಕೆ ಡೀಸೆಲ್ ಅಭ್ಯಾಸ ಇರುವುದಿಲ್ಲ. ಜೊತೆಗೆ ನೀರಿನ ಆಮ್ಲಜನಕವನ್ನೂ ಎಳೆದುಬಿಡುತ್ತವೆ.

ಹಂತ 5: ಗಾಳಿ ತೊಟ್ಟಿ

ಎಣ್ಣೆ ಬಲೆ ದಾಟಿದ ನೀರು ಒಂದು ದಿನ ನಿಲ್ಲುವ ತೊಟ್ಟಿ ಇದು. 2,000 ಲೀಟರ್ ಸಿಂಟೆಕ್ಸ್ ಸಾಕು. ಬಯಲಿನಲ್ಲಿಡಿ, ಶೆಡ್ಡಿನೊಳಗೆ ಬೇಡ. ಗಾಳಿ ಊದಿದಾಗ ಉಳಿದ ಆವಿ ಹೊರಗೆ ಬರುತ್ತದೆ. ಮುಚ್ಚಳಕ್ಕೆ ಸೊಳ್ಳೆ ಬಲೆ ಕಟ್ಟಿ.

ಬ್ಯಾಕ್ಟೀರಿಯಾಗಳು ಹಿಡಿದುಕೊಂಡು ಕೂರಲು ಜಾಗ ಬೇಕು. ಇಲ್ಲದಿದ್ದರೆ ನೀರಿನ ಜೊತೆ ಕೊಚ್ಚಿ ಹೋಗುತ್ತವೆ. ಮೊದಲು ತೆಂಗಿನ ನಾರು ತುಂಬಿದ್ದೆ. ಅದರ ಕಂದು ಬಣ್ಣ ಇಳಿದು ಮುಂದಿನ ಹೊಂಡಕ್ಕೆ ಬೆಳಕೇ ಹೋಗದಂತಾಯಿತು. ಈಗ ಹರಿದ ಶೇಡ್ ನೆಟ್ ಸುರುಳಿಗಳನ್ನು ಕಟ್ಟಿ ಇಳಿಬಿಟ್ಟಿದ್ದೇನೆ. ನರ್ಸರಿಯವರು ಎಸೆಯುವ ನೆಟ್ ಸಾಕು.

ನಿಮಿಷಕ್ಕೆ 40ರಿಂದ 60 ಲೀಟರ್ ಗಾಳಿ ಕೊಡುವ ಏರ್ ಪಂಪ್ ಹಾಕಿ. 40 ವ್ಯಾಟ್‌ನದ್ದಾದರೆ ದಿನವಿಡೀ ಓಡಿದರೂ 1 ಯೂನಿಟ್ ಕರೆಂಟ್. ಬಿತ್ತನೆ ಬಕೆಟ್ ಸುರಿದ ಮೇಲೆ ಎರಡು ವಾರ ನೆಟ್ ಮೇಲೆ ಲೋಳೆ ಹತ್ತುವವರೆಗೆ ಕಾಯಿರಿ.

ಗೊಬ್ಬರದ ಲೆಕ್ಕ ಹೀಗೆ. ಡೀಸೆಲ್‌ನಲ್ಲಿ ಇಂಗಾಲ ಇದೆ, ಸಾರಜನಕ, ರಂಜಕ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ನೂರು ಪಾಲು ಇಂಗಾಲಕ್ಕೆ ಹತ್ತು ಪಾಲು ಸಾರಜನಕ, ಒಂದು ಪಾಲು ರಂಜಕ ಅನ್ನುವುದು ರೂಢಿಯ ಅಳತೆ. 1 ಕಿಲೋ ಎಣ್ಣೆಗೆ ಸುಮಾರು 170 ಗ್ರಾಂ ಯೂರಿಯಾ, 45 ಗ್ರಾಂ ಡಿಎಪಿ ಆಗುತ್ತದೆ. ಬಲೆ ದಾಟಿದ ನೀರಿನಲ್ಲಿ ಲೀಟರಿಗೆ 50 ಮಿಲಿಗ್ರಾಂ ಎಣ್ಣೆ ಇದ್ದರೆ, 2,000 ಲೀಟರಿಗೆ 100 ಗ್ರಾಂ ಎಣ್ಣೆ. ಆಗ ದಿನಕ್ಕೆ 17 ಗ್ರಾಂ ಯೂರಿಯಾ, 4.5 ಗ್ರಾಂ ಡಿಎಪಿ. ಅದರ ಮೇಲೆ ಒಂದು ಚಮಚವೂ ಬೇಡ. 1989ರಲ್ಲಿ ಅಲಾಸ್ಕದಲ್ಲಿ ಎಕ್ಸಾನ್ ವಾಲ್ಡೀಸ್ ಹಡಗಿನ ಎಣ್ಣೆ ಚೆಲ್ಲಿದಾಗ ಕಡಲ ದಡಕ್ಕೆ ಗೊಬ್ಬರವನ್ನೇ ಹಾಕಿ ಅಲ್ಲಿನ ಬ್ಯಾಕ್ಟೀರಿಯಾಗಳ ಕೆಲಸ ಚುರುಕು ಮಾಡಿದರು. ನಮ್ಮ ಚಮಚ ಮಾಡುವುದೂ ಅದನ್ನೇ.

ಹಂತ 6: ಪಾಚಿ ತರುವುದು

ನಮಗೆ ಬೇಕಾದದ್ದು ನೀರನ್ನೇ ಹಸಿರು ಮಾಡುವ ಸಣ್ಣ ಪಾಚಿ. ಕ್ಲೋರೆಲ್ಲಾ, ಸಿನೆಡೆಸ್ಮಸ್ ಅಂಥವು. ಕಲ್ಲಿಗೆ ಅಂಟುವ ಎಳೆಎಳೆ ಪಾಚಿ ಅಲ್ಲ. ದನಕ್ಕೆ ನೀರಿಡುವ ಕಲ್ಲು ಬಾನಿ, ಬಿಸಿಲಿಗೆ ತೆರೆದ ಸಿಮೆಂಟ್ ತೊಟ್ಟಿಗಳಲ್ಲಿ ಸಿಗುತ್ತದೆ. ಗಾಜಿನ ಬಾಟಲಿಯಲ್ಲಿ ಹಿಡಿದು ಬೆಳಕಿಗೆ ಒಡ್ಡಿ. ಇಡೀ ನೀರು ಸಮನಾಗಿ ಹಸಿರಿದ್ದರೆ ತಗೊಳ್ಳಿ.

ಕೆರೆಯ ಮೇಲೆ ಹಸಿರು ಪೇಂಟ್ ಸುರಿದ ಹಾಗೆ ಕೆನೆ ಕಟ್ಟಿದ್ದರೆ ಅದನ್ನು ಮುಟ್ಟಬೇಡಿ. ಅದು ನೀಲಿಹಸಿರು ಪಾಚಿ. ಅದರಲ್ಲಿ ಕೆಲವು ಜಾತಿ ವಿಷಕಾರಿ.

ತಂದದ್ದನ್ನು ಹಳೇ ಪಂಚೆಯಲ್ಲಿ ಸೋಸಿ. ಸೊಳ್ಳೆ ಮರಿ, ಪಾಚಿ ತಿನ್ನುವ ಸಣ್ಣ ನೀರಿನ ಹುಳು ಹೋಗಲಿ. ಬಿಸಿಲಿನಲ್ಲಿ ಅಗಲ ಬಾಯಿಯ ಟಬ್‌ನಲ್ಲಿ ಬೆಳೆಸಿ. 50 ಲೀಟರಿಗೆ 5 ಗ್ರಾಂ ಯೂರಿಯಾ, 2 ಗ್ರಾಂ ಡಿಎಪಿ. ಹತ್ತು ದಿನದಲ್ಲಿ ಕಡು ಹಸಿರಾಗುತ್ತದೆ. ಆಮೇಲೆ ಗಾಳಿ ತೊಟ್ಟಿಯ ನೀರನ್ನು ನೂರಕ್ಕೆ 5 ಪಾಲು, ನಾಲ್ಕು ದಿನ ಬಿಟ್ಟು 10, ಮತ್ತೆ 20 ಹೀಗೆ ಬೆರೆಸಿ ಅಭ್ಯಾಸ ಮಾಡಿಸಿ. ಬಣ್ಣ ಹಳದಿಗೆ ತಿರುಗಿದರೆ ಅಲ್ಲೇ ನಿಲ್ಲಿಸಿ ಕಾಯಿರಿ.

ಹಂತ 7: ಪಾಚಿ ಹೊಂಡ

ಉದ್ದ 10 ಮೀಟರ್, ಅಗಲ 4 ಮೀಟರ್, ನೀರಿನ ಆಳ 40 ಸೆಂಟಿಮೀಟರ್. 16,000 ಲೀಟರ್ ಹಿಡಿಯುತ್ತದೆ. ಅಂದರೆ ನೀರು ಒಳಗೆ 8 ದಿನ ನಿಲ್ಲುತ್ತದೆ. ಆಳ ಮಾಡಿದರೆ ಜಾಗ ಉಳಿಯುತ್ತದಲ್ಲ ಅನ್ನಬೇಡಿ. ಹಸಿರು ನೀರಿನಲ್ಲಿ ಬೆಳಕು ಒಂದಡಿಗಿಂತ ಕೆಳಗೆ ಹೋಗುವುದೇ ಕಷ್ಟ. ಕೆಳಗಿನ ಕತ್ತಲಲ್ಲಿ ಕೊಳೆಯಲು ಶುರುವಾಗುತ್ತದೆ.

ಕೃಷಿ ಹೊಂಡಕ್ಕೆ ಹಾಸುವ 500 ಮೈಕ್ರಾನ್ ಶೀಟ್ ಹಾಸಿ. ಬಾವಿ, ಬೋರ್‌ವೆಲ್‌ನಿಂದ ದೂರ ಇರಲಿ. ನಡುವೆ ಒಂದು ಗೋಡೆ ಹಾಕಿ, ನೀರು ಒಂದು ಕಡೆಯಿಂದ ಹೋಗಿ ಇನ್ನೊಂದು ಕಡೆ ಬರುವಂತೆ ಮಾಡಿ. ಪಾಚಿ ತಳ ಸೇರಬಾರದು, ಸೊಳ್ಳೆ ಮೊಟ್ಟೆ ಇಡಬಾರದು. ಅದಕ್ಕೆ ನೀರು ನಿಧಾನವಾಗಿ ತಿರುಗುತ್ತಿರಬೇಕು. ಸಣ್ಣ ಸೋಲಾರ್ ಪಂಪ್ ಸಾಕು. ಇಲ್ಲದಿದ್ದರೆ ದಿನಕ್ಕೆ ಮೂರು ಸಲ ಹಲುಬೆಯಂಥದ್ದರಿಂದ ಎಳೆಯಿರಿ. ಸುತ್ತ ಬೇಲಿ ಕಡ್ಡಾಯ. ಮಕ್ಕಳು, ದನಕರು ಎರಡೂ ಬರಬಾರದು.

ಜನವರಿ ಕೊನೆಯಲ್ಲಿ ಶುರು ಮಾಡಿ. ಬಿಸಿಲು ಏರುತ್ತಾ ಹೋಗುತ್ತದೆ, ಮಳೆ ಬರುವ ಹೊತ್ತಿಗೆ ಹೊಂಡ ಗಟ್ಟಿಯಾಗಿರುತ್ತದೆ. ಹೊಂಡಕ್ಕೆ ಒಳ್ಳೆ ನೀರು ತುಂಬಿ, ಹತ್ತರಲ್ಲಿ ಒಂದು ಪಾಲು ಪಾಚಿ ಬಿತ್ತನೆ ಹಾಕಿ. ಹಸಿರಾದ ಮೇಲೆ ಮೊದಲ ವಾರ ದಿನಕ್ಕೆ 100 ಲೀಟರ್ ಮಾತ್ರ ಬಿಡಿ. ಎರಡನೇ ವಾರ 300, ಮೂರನೆಯದು 600, ನಾಲ್ಕನೆಯದು 1,000. ಪೂರ್ತಿ ನೀರಿಗೆ ಬರಲು ಆರೇಳು ವಾರ ಬೇಕು. ಅಲ್ಲಿಯವರೆಗೆ ಉಳಿದ ನೀರಿಗೆ ಒಂದು ಮುಚ್ಚಿದ ಟ್ಯಾಂಕ್ ಇಟ್ಟುಕೊಳ್ಳಿ, ತೊಳೆಯುವ ಕೆಲಸವನ್ನೂ ಕಡಿಮೆ ಮಾಡಿ. ನಷ್ಟ ಆಗುತ್ತದೆ, ಗೊತ್ತು. ಬೇರೆ ದಾರಿ ಇಲ್ಲ.

ಹಂತ 8: ದಿನದ ನೋಟ

ಬೆಳಿಗ್ಗೆ 6ಕ್ಕೆ ಒಮ್ಮೆ, ಮಧ್ಯಾಹ್ನ 3ಕ್ಕೆ ಒಮ್ಮೆ ಹೋಗಿ ನೋಡಿ. ರಾತ್ರಿ ಪಾಚಿಯೂ ಆಮ್ಲಜನಕವನ್ನೇ ಉಸಿರಾಡುವುದರಿಂದ ಸೂರ್ಯ ಹುಟ್ಟುವ ಮುಂಚೆ ನೀರು ಅತ್ಯಂತ ಬಡವಾಗಿರುತ್ತದೆ. ಆಗ ಮೂಗು ಹೇಳಿಬಿಡುತ್ತದೆ. ಮಣ್ಣಿನ ವಾಸನೆ ಇದ್ದರೆ ಸರಿ. ಕೊಳೆತ ಮೊಟ್ಟೆ ವಾಸನೆ ಬಂದರೆ ಆವತ್ತು ಹೊಸ ನೀರು ಬಿಡಬೇಡಿ, ಹೊಂಡಕ್ಕೂ ಗಾಳಿ ಕಲ್ಲು ಹಾಕಿ.

ಮಧ್ಯಾಹ್ನದ ಹೊತ್ತು, ನೀರು ಎಷ್ಟು ಹುಳಿ, ಎಷ್ಟು ಕ್ಷಾರ ಅಂತ ತೋರಿಸುವ ಪಿಎಚ್ ಪಟ್ಟಿ ಅದ್ದಿ. ಪಾಚಿ ಚೆನ್ನಾಗಿ ಕೆಲಸ ಮಾಡುವಾಗ 9ರ ಹತ್ತಿರ ಹೋಗುತ್ತದೆ. 9.5 ದಾಟಿದರೆ ಯೂರಿಯಾ ನಿಲ್ಲಿಸಿ. ಅಷ್ಟು ಕ್ಷಾರದಲ್ಲಿ ಯೂರಿಯಾದಿಂದ ಹುಟ್ಟಿದ ಅಮೋನಿಯಾ ಪಾಚಿಯನ್ನೇ ಕೊಲ್ಲುತ್ತದೆ.

ಬಿಳಿ ತಟ್ಟೆಯೊಂದನ್ನು ಕೋಲಿಗೆ ಕಟ್ಟಿ ಮುಳುಗಿಸಿ. 15ರಿಂದ 20 ಸೆಂಟಿಮೀಟರ್‌ನಲ್ಲಿ ಮರೆಯಾದರೆ ಹದ. 10ಕ್ಕೇ ಮರೆಯಾದರೆ ಪಾಚಿ ದಟ್ಟವಾಗಿದೆ, ತೆಗೆಯಬೇಕು.

ನೀರಿನ ಮೇಲೆ ಬಣ್ಣದ ಪೊರೆ ಕಂಡರೆ ತಕ್ಷಣ ಗಾಬರಿ ಬೇಡ. ಕಡ್ಡಿಯಿಂದ ಕಲಕಿ. ಗಾಜಿನ ಹಾಗೆ ಚೂರಾಗಿ, ಚೂರುಗಳು ಬೇರೆಯಾಗೇ ನಿಂತರೆ ಅದು ಕಬ್ಬಿಣದ ಬ್ಯಾಕ್ಟೀರಿಯಾ. ನಮ್ಮ ಕೆಂಪು ಮಣ್ಣಿನ ನೀರಿನಲ್ಲಿ ಸಾಮಾನ್ಯ. ಸುತ್ತಿ ಸುಳಿದು ಮತ್ತೆ ಕೂಡಿಕೊಂಡರೆ ಅದು ಎಣ್ಣೆ. ಬಲೆಗೆ ಹೋಗಿ ನೋಡಿ.

ಏಪ್ರಿಲ್‌ನ ಬಿಸಿಲಿಗೆ, ಬೆಳಿಗ್ಗೆ 11ರ ಸುಮಾರಿಗೆ, ಹೊಂಡದ ಅಂಚಿನಲ್ಲಿ ಸುಮ್ನೆ ಕೂತು ನೋಡಿ. ಶೀಟಿನ ಮೇಲೆ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಸಾಲುಗಟ್ಟಿ ಏಳುತ್ತವೆ. ಅದು ಪಾಚಿ ಬಿಟ್ಟ ಆಮ್ಲಜನಕ. ಪಂಪಿನದ್ದಲ್ಲ, ಕರೆಂಟಿನದ್ದಲ್ಲ.

ಹಂತ 9: ಮಳೆಗಾಲ, ಚಳಿಗಾಲ

ಜೂನ್, ಜುಲೈನಲ್ಲಿ ವಾರಗಟ್ಟಲೆ ಮೋಡ ಮುಚ್ಚಿದರೆ ಪಾಚಿಯ ಕೈ ನಡೆಯುವುದಿಲ್ಲ. ಆಗ ಗಾಳಿ ತೊಟ್ಟಿಯೇ ಆಧಾರ. ಇನ್ನೊಂದು ಪಂಪ್ ಇಟ್ಟುಕೊಳ್ಳಿ, ಹೊಂಡಕ್ಕೂ ಗಾಳಿ ಕೊಡಿ, ದಿನದ ನೀರನ್ನು ಅರ್ಧಕ್ಕಿಳಿಸಿ. ಹೊಂಡದ ಅಂಚು ನೆಲಕ್ಕಿಂತ ಒಂದಡಿ ಎತ್ತರ ಇರಲಿ, ಸುತ್ತಲ ನೀರು ಒಳಗೆ ನುಗ್ಗದ ಹಾಗೆ. ಡಿಸೆಂಬರ್‌ನ ಚಳಿಯಲ್ಲಿ ಎಲ್ಲವೂ ನಿಧಾನ. 10 ಡಿಗ್ರಿ ಇಳಿದರೆ ಬ್ಯಾಕ್ಟೀರಿಯಾದ ವೇಗ ಸುಮಾರು ಅರ್ಧವಾಗುತ್ತದೆ.

ಹಂತ 10: ಪಾಚಿ ತೆಗೆಯುವುದು, ಕೊನೆಯ ಸೋಸು

ಹೊಂಡದಿಂದ ಹೊರಬಂದ ಹಸಿರು ನೀರನ್ನು ಒಂದು ರಾತ್ರಿ ಸಣ್ಣ ತೊಟ್ಟಿಯಲ್ಲಿ ಅಲುಗಾಡದಂತೆ ಬಿಡಿ. ಬಹಳಷ್ಟು ಪಾಚಿ ತಳಕ್ಕೆ ಕೂರುತ್ತದೆ. ಕೂರದಿದ್ದರೆ ನುಗ್ಗೆ ಬೀಜದ ಪುಡಿ ಕದಡಿ ಹಾಕಿದರೆ ಗಂಟು ಕಟ್ಟುತ್ತದೆ. ಈ ಪಾಚಿಯನ್ನು ದನಕ್ಕೆ, ಮೀನಿಗೆ, ತರಕಾರಿ ಮಡಿಗೆ ಹಾಕಬೇಡಿ. ಲೋಹಗಳನ್ನು ಹೀರಿಕೊಳ್ಳುವ ಗುಣ ಅದಕ್ಕಿದೆ. ಒಣಗಿಸಿ ಎಣ್ಣೆ ಕೆಸರಿನ ಡ್ರಮ್ಮಿನ ಜೊತೆಗೇ ಕಳಿಸಿ.

ಮೇಲಿನ ತಿಳಿ ನೀರು ಜಲ್ಲಿ ತುಂಬಿದ ಉದ್ದನೆಯ ಪಾತಿಗೆ ಹೋಗಲಿ. ಅಲ್ಲಿ ಜೊಂಡು, ಕಾಬಾಳೆ, ಲಾವಂಚ ನೆಡಿ. ಬೇರುಗಳ ಸುತ್ತ ಉಳಿದ ಬ್ಯಾಕ್ಟೀರಿಯಾಗಳು ಕೊನೆಯ ಕೈ ಹಾಕುತ್ತವೆ.

ಹಂತ 11: ಪರೀಕ್ಷೆ ಮತ್ತು ಕಾನೂನು

ಕೆಲಸ ಶುರು ಮಾಡುವ ಮುಂಚೆಯೇ ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಕಚೇರಿಯಲ್ಲಿ ವಿಚಾರಿಸಿ, ಒಪ್ಪಿಗೆ ಪತ್ರದ ಷರತ್ತು ತಿಳಿದುಕೊಳ್ಳಿ. ಹಳ್ಳ, ಕೆರೆಗೆ ಬಿಡುವ ನೀರಿನಲ್ಲಿ ಎಣ್ಣೆ ಮತ್ತು ಗ್ರೀಸ್ ಲೀಟರಿಗೆ 10 ಮಿಲಿಗ್ರಾಂ ಮೀರಬಾರದು, ಬಿಒಡಿ (ನೀರಿನ ಕೊಳೆ ತಿನ್ನಲು ಬ್ಯಾಕ್ಟೀರಿಯಾಗಳಿಗೆ ಬೇಕಾಗುವ ಆಮ್ಲಜನಕದ ಅಳತೆ) ಲೀಟರಿಗೆ 30 ಮಿಲಿಗ್ರಾಂ ಮೀರಬಾರದು, ಪಿಎಚ್ 5.5ರಿಂದ 9ರ ಒಳಗಿರಬೇಕು ಅನ್ನುವುದು ಕೇಂದ್ರದ ಸಾಮಾನ್ಯ ಮಿತಿ. ಲ್ಯಾಬ್‌ಗೆ ಕೊಡುವ ಮಾದರಿಯನ್ನು ಗಾಜಿನ ಬಾಟಲಿಯಲ್ಲೇ ಹಿಡಿಯಿರಿ. ಪ್ಲಾಸ್ಟಿಕ್‌ಗೆ ಎಣ್ಣೆ ಅಂಟಿಕೊಂಡು ಲೆಕ್ಕ ತಪ್ಪುತ್ತದೆ. ಎಣ್ಣೆ ಬಲೆಯ ನಂತರ ಒಂದು, ಕೊನೆಯಲ್ಲಿ ಒಂದು, ಎರಡು ಮಾದರಿ ಕೊಟ್ಟರೆ ಯಾವ ಹಂತ ಸೋತಿದೆ ಅಂತ ತಿಳಿಯುತ್ತದೆ.

ಲ್ಯಾಬ್ ವರದಿಗಳ ನಡುವೆ ಮನೆಯಲ್ಲಿ ಮಾಡುವ ಪರೀಕ್ಷೆ ಒಂದಿದೆ. ಎರಡು ತಟ್ಟೆಯಲ್ಲಿ ಒದ್ದೆ ಬಟ್ಟೆ ಹಾಸಿ, ಒಂದಕ್ಕೆ ಬಾವಿ ನೀರು, ಇನ್ನೊಂದಕ್ಕೆ ಶುದ್ಧವಾದ ನೀರು. ತಲಾ ಹತ್ತು ಹೆಸರುಕಾಳು. ಮೂರು ದಿನ ಬಿಟ್ಟು ಮೊಳಕೆ ಎಣಿಸಿ, ಬೇರು ಅಳೆಯಿರಿ. ಬಾವಿ ನೀರಿನಲ್ಲಿ ಹತ್ತೂ ಮೊಳೆತು, ಇಲ್ಲಿ ಎಂಟಕ್ಕಿಂತ ಕಡಿಮೆ ಬಂದರೆ ಅಥವಾ ಬೇರು ಮೊಂಡಾಗಿದ್ದರೆ ಆ ನೀರನ್ನು ಹೊರಗೆ ಬಿಡಬೇಡಿ, ಮತ್ತೆ ಗಾಳಿ ತೊಟ್ಟಿಗೆ ತಿರುಗಿಸಿ.

ಎಲ್ಲ ಸರಿ ಬಂದ ನೀರನ್ನು ನಾವು ಹೊರಗೆ ಬಿಡುವುದೇ ಕಡಿಮೆ. ಟ್ರ್ಯಾಕ್ಟರ್ ಚಕ್ರ, ನೇಗಿಲು ತೊಳೆಯಲು ಅದೇ ಸಾಕು. ಕೆಳಗಿನ ಹೊಲದ ಯಜಮಾನರು ಒಂದಿನ ಬಂದು ಹೊಂಡ, ಪಾತಿ ಎಲ್ಲ ನೋಡಿ, "ಇನ್ನು ದನ ಬಿಡಬಹುದೇನಪ್ಪ?" ಅಂತ ಕೇಳಿದರು. "ಇದನ್ನ ಕುಡಿಸೋದು ಬೇಡ ಯಜಮಾನ್ರೇ. ಹಳ್ಳದ ನೀರು ಕುಡೀಲಿ, ಅದಕ್ಕೆ ಈಗ ನಮ್ಮ ಎಣ್ಣೆ ಸೇರ್ತಿಲ್ಲ" ಅಂದೆ.

ಬಿತ್ತನೆ ಉಳಿಸಿಕೊಳ್ಳಿ

ಎಷ್ಟೇ ಹುಷಾರಾಗಿದ್ದರೂ ಒಂದಲ್ಲ ಒಂದು ದಿನ ಹೊಂಡ ಕೆಡುತ್ತದೆ. ಯಾರೋ ಫಿನಾಯಿಲ್ ಬಕೆಟ್ ಚರಂಡಿಗೆ ಸುರಿಯುತ್ತಾರೆ. ಅದಕ್ಕೆ ಬ್ಯಾಕ್ಟೀರಿಯಾದ ಒಂದು ಬಕೆಟ್, ಪಾಚಿಯ ಒಂದು ಟಬ್ ಯಾವಾಗಲೂ ಬೇರೆ ಇಟ್ಟಿರಿ. ಬಕೆಟ್‌ಗೆ ವಾರಕ್ಕೊಮ್ಮೆ 5 ಮಿಲಿ ಡೀಸೆಲ್, ಒಂದು ಚಿಟಿಕೆ ಯೂರಿಯಾ, ಚೂರು ಡಿಎಪಿ. ಟಬ್‌ನಿಂದ 15 ದಿನಕ್ಕೊಮ್ಮೆ ಅರ್ಧ ತೆಗೆದು ಹೊಸ ನೀರು, ಅದಕ್ಕೆ ತಕ್ಕಷ್ಟು ಗೊಬ್ಬರ. ನಮ್ಮಲ್ಲಿ ಈ ಎರಡೂ ಬಾವಿ ಕಟ್ಟೆಯ ಪಕ್ಕ, ನುಗ್ಗೆ ಮರದ ಅರೆನೆರಳಲ್ಲಿ ಇವೆ. ಹೋದ ಮಳೆಗಾಲದಲ್ಲಿ ಹೊಂಡ ಪೂರ್ತಿ ಕಪ್ಪಾದಾಗ ಆ ಟಬ್ಬಿನಿಂದಲೇ ಮತ್ತೆ ಶುರು ಮಾಡಿದೆವು. ಹನ್ನೆರಡನೇ ದಿನಕ್ಕೆ ನೀರು ಹಸಿರಾಯಿತು.